ನಮ್ಮ ಅಂಗಡಿಯ ಸಿನಿಮಾ ಪ್ರಶಸ್ತಿಗಳು

ಹೋದ ತಿಂಗಳು ಒಬ್ಬ ಗಿರಾಕಿಯ ಹಳೇ ಬಾಕಿ ಹುಡುಕಲು ಅಟ್ಟದ ಮೇಲಿಂದ ಲೆಕ್ಕದ ಪುಸ್ತಕಗಳನ್ನು ಇಳಿಸಿದೆ. ಬಾಕಿ ಸಿಗಲಿಲ್ಲ. ಅದರ ಬದಲು 2022ರ ಪುಸ್ತಕದ ಕೊನೆಯ ಮೂರು ಹಾಳೆಗಳಲ್ಲಿ ಬೇರೆಯೇ ಒಂದು ಲೆಕ್ಕ ಸಿಕ್ಕಿತು. ‘ಕಡ್ಲೆಕಾಯಿ ಐದು ಸೇರು – ಕೆಜಿಎಫ್’, ‘ಹುಣಸೆಹಣ್ಣು ಒಂದು ಕೇಜಿ – ಆರ್‌ಆರ್‌ಆರ್’ ಎಂದು ಬರೆದಿದೆ. ಅಕ್ಷರ ಸೊಟ್ಟ. ಹೊಸಬರ ಕೈಗೆ ಪುಸ್ತಕ ಸಿಕ್ಕಿದ್ದರೆ, ಈ ಮುದುಕ ಸಿನಿಮಾದವರಿಗೆ ಉದ್ದರಿ ಕೊಟ್ಟು ದಿವಾಳಿಯಾದ ಅಂದುಕೊಳ್ಳುತ್ತಿದ್ದರು.

ಅದು ಉದ್ದರಿಯಲ್ಲ, ಪ್ರಶಸ್ತಿ ಪಟ್ಟಿ. 2022ರಲ್ಲಿ ನಾವು ನೋಡಿದ ಸಿನಿಮಾಗಳಿಗೆ 2023ರ ಯುಗಾದಿ ದಿನ ನಮ್ಮ ಅಂಗಡಿ ಜಗಲಿಯ ಮೇಲೆ ಕೂತು ಕೊಟ್ಟ ಬಹುಮಾನಗಳು. ಓದುಗರಿಗೆ ಇದರಲ್ಲಿ ಏನು ಲಾಭ ಅಂತ ಕೇಳಬಹುದು. ವ್ಯಾಪಾರಿಯ ಮಾತು ನಂಬಿ. ಲಾಭ ಕಡಿಮೆ, ನಷ್ಟವಿಲ್ಲ. ಗಡಿಯಲ್ಲಿರುವ ನಮ್ಮಂಥವರ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದಕ್ಕೆ ಈ ಮೂರು ಹಾಳೆ ಒಂದು ಪುರಾವೆಯೂ ಹೌದು.

ಮೊದಲು ಊರಿನ ಪರಿಚಯ. ನಮ್ಮದು ಆಂಧ್ರದ ಮಡಕಶಿರಾ ಸೀಮೆ. ರೊಳ್ಳ, ಅಗಳಿ, ಅಮರಾಪುರಂ, ಗುಡಿಬಂಡೆ ಮಂಡಲಗಳು ಸೇರಿದ ನಾಡು. ಒಂದು ಕಡೆ ಶಿರಾ, ಇನ್ನೊಂದು ಕಡೆ ಪಾವಗಡ. ಹೇಮಾವತಿಯಲ್ಲಿ ನೊಳಂಬರ ಕಾಲದ ಕಲ್ಲುಗಳ ಮೇಲೆ ಕನ್ನಡವಿದೆ. ಬಸ್ಸಿನ ಬೋರ್ಡಿನ ಮೇಲೆ ತೆಲುಗು. ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಕನ್ನಡ ಮಾತಾಡುತ್ತಾರೆ, ಅರ್ಧ ಜನ ತೆಲುಗು, ಉಳಿದರ್ಧ ಜನ ಎರಡನ್ನೂ ಕಲಸಿ ಮಾತಾಡುತ್ತಾರೆ. ಕಡ್ಲೆಕಾಯಿ, ಹುಣಸೆಹಣ್ಣು, ಒಣಮೆಣಸಿನಕಾಯಿ ನಮ್ಮ ವ್ಯಾಪಾರ. ತೆಲುಗಿನಲ್ಲಿ ಹುಣಸೆಹಣ್ಣಿಗೆ ‘ಚಿಂತಪಂಡು’ ಅಂತಾರೆ. ಕನ್ನಡದ ಕಿವಿಗೆ ಅದು ಚಿಂತೆಯ ಹಣ್ಣು. ಹಿಂದೂಪುರದ ಮಾರ್ಕೆಟ್ಟಿನಲ್ಲಿ ದರ ಬಿದ್ದ ವರ್ಷ ಎರಡು ಭಾಷೆಗೂ ಅರ್ಥ ಒಂದೇ.

ಆಯ್ಕೆ ಸಮಿತಿ

ಸಮಿತಿಯಲ್ಲಿ ನಾಲ್ಕು ಜನ. ಅಧ್ಯಕ್ಷತೆ ನಮ್ಮಮ್ಮನದು. ಆಗ ಅವಳಿಗೆ ಎಂಬತ್ತೆರಡು. ಡಾ. ರಾಜ್‌ಕುಮಾರ್ ಚಿತ್ರಗಳನ್ನು ಟೆಂಟಿನಲ್ಲಿ ಮರಳ ಮೇಲೆ ಕೂತು ನೋಡಿದವಳು. ತೆಲುಗು ಚೆನ್ನಾಗಿ ಬರುತ್ತಿತ್ತು, ಬೈಯುವುದಕ್ಕೆ ಮಾತ್ರ ಬಳಸುತ್ತಿದ್ದಳು. ಎರಡನೆಯವನು ನಾನು. ಮೂರನೆಯವನು ನಮ್ಮ ಅಂಗಡಿಯ ಹಮಾಲಿ; ಹಿಂದೂಪುರಕ್ಕೆ ಸರಕಿನ ಜೊತೆ ಹೋದರೆ ಒಂದು ಆಟ ನೋಡದೆ ವಾಪಸು ಬರುವ ಆಸಾಮಿಯಲ್ಲ. ನಾಲ್ಕನೆಯವಳು ಮೊಮ್ಮಗಳು, ಹತ್ತು ವರ್ಷ. ನನ್ನನ್ನು ‘ತಾತ’ ಅಂತಾಳೆ, ನಮ್ಮಮ್ಮನನ್ನು ಈ ಸೀಮೆಯ ತೆಲುಗಿನಂತೆ ‘ಜೇಜಿ’ ಅಂತಿದ್ದಳು. ಅವಳೇ ಸಮಿತಿಯ ಕಾರ್ಯದರ್ಶಿ, ಅಂದರೆ ಬರೆಯುವ ಕೆಲಸ ಅವಳದು.

ನಿಯಮ ಮೂರು. ಒಂದು, ನಾಲ್ವರಲ್ಲಿ ಇಬ್ಬರಾದರೂ ನೋಡಿದ ಸಿನಿಮಾಕ್ಕೇ ಬಹುಮಾನ. ಎರಡು, ಯಾವ ಭಾಷೆಯದಾದರೂ ಸೈ. ಮೂರನೆಯದು ನಮ್ಮಮ್ಮನ ಹಟ: ‘ಪಟ್ಟಿ ಮಾತ್ರ ಕನ್ನಡದಾಗೆ ಬರೀಬೇಕು.’

ಇಲ್ಲೇ ತೊಡಕು ಬಂದದ್ದು. ನಮ್ಮಪ್ಪ ಇದೇ ಅಂಗಡಿಯಲ್ಲಿ ಕೂತು ಕಿರ್ದಿ, ಖಾತೆ ಎಲ್ಲಾ ಕನ್ನಡದಲ್ಲಿ ಬರೆದರು. ನಾನು ಕನ್ನಡ ಶಾಲೆಯಲ್ಲಿ ಓದಿದವನಾದರೂ, ಕಚೇರಿ, ಬ್ಯಾಂಕು, ತೆರಿಗೆ ಅಂತ ಮೂವತ್ತು ವರ್ಷದಿಂದ ಲೆಕ್ಕ ತೆಲುಗಿನಲ್ಲಿ ಬರೆಯುತ್ತಿದ್ದೇನೆ. ಮಗ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕಂಪ್ಯೂಟರಿಗೆ ಹಾಕುತ್ತಾನೆ. ಮೊಮ್ಮಗಳಿಗೆ ಮನೆ ಮಾತು ಕನ್ನಡ, ಶಾಲೆಯಲ್ಲಿ ತೆಲುಗು ಮತ್ತು ಇಂಗ್ಲಿಷ್. ಕನ್ನಡ ಪಟಪಟ ಮಾತಾಡುತ್ತಾಳೆ, ಒಂದಕ್ಷರ ಓದಲು ಬಾರದು. ಕಾರ್ಯದರ್ಶಿಗೆ ಅಕ್ಷರವೇ ಗೊತ್ತಿಲ್ಲ ಎಂದಾಗ ಅಧ್ಯಕ್ಷರು ಒಂದೇ ಮಾತು ಹೇಳಿದರು: ‘ಕಲ್ತ್ಕಂಡು ಬರೀಲಿ. ಯುಗಾದಿಗೆ ಇನ್ನೂ ಟೇಮ್ ಐತೆ.’

ಟಿಕೆಟ್ ಪ್ರಶಸ್ತಿ – ಆಂಧ್ರ ಸರ್ಕಾರದ ಆದೇಶಕ್ಕೆ

ಮೊದಲ ಬಹುಮಾನ ಸಿನಿಮಾಕ್ಕಲ್ಲ, ಸಿನಿಮಾ ಟಿಕೆಟ್ಟಿಗೆ. 2021ರ ಏಪ್ರಿಲಿನಲ್ಲಿ ಆಂಧ್ರ ಸರ್ಕಾರ ಹೊರಡಿಸಿದ ಆದೇಶದಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಟಾಕೀಸಿನ ಅತಿ ಕಡಿಮೆ ದರ ಐದು ರೂಪಾಯಿ! ಒಂದು ಟೀ ಬೆಲೆಗಿಂತ ಅಗ್ಗ. ಚಿತ್ರರಂಗದವರು ಹೌಹಾರಿದರು. ಟಾಕೀಸಿನವರು ಬಾಗಿಲು ಹಾಕುತ್ತೇವೆ ಅಂದರು. ಕೊನೆಗೆ 2022ರ ಮಾರ್ಚ್ 7ರಂದು ಹೊಸ ಆದೇಶ ಬಂದು ದರ 20 ರೂಪಾಯಿಂದ 250 ರೂಪಾಯಿವರೆಗೆ ಎಂದಾಯಿತು. ಆರ್‌ಆರ್‌ಆರ್ ತೆರೆಗೆ ಬರಲು ಆಗ ಹದಿನೆಂಟೇ ದಿನ ಬಾಕಿ. ‘ದರ ಏರುವ ಹೊತ್ತಿಗೆ ಸರಕು ಮಾರ್ಕೆಟ್ಟಿಗೆ ಬಂತು ನೋಡಿ, ಇದು ನಮ್ಮಂಥವರಿಗೆ ಯಾವತ್ತೂ ಕೂಡಿಬರೋದಿಲ್ಲ’ ಎಂದು ಅಂಗಡಿಗೆ ಬಂದಿದ್ದ ರೈತರೊಬ್ಬರು ಹೇಳಿದರು. ಬಹುಮಾನ: ಒಂದು ಪಾವು ಹುರಿಗಡಲೆ, ಐದು ರೂಪಾಯಿ ಟಿಕೆಟ್ಟಿನ ನೆನಪಿಗೆ.

ಅದಲು ಬದಲು ಪ್ರಶಸ್ತಿ – ಇಬ್ಬರು ನಿರ್ದೇಶಕರಿಗೆ

ತೆಲುಗಿನ ಆರ್‌ಆರ್‌ಆರ್ 2022ರ ಮಾರ್ಚ್ 25ರಂದು ಬಂತು. ಕನ್ನಡದ ಕೆಜಿಎಫ್ ಎರಡನೇ ಭಾಗ ಏಪ್ರಿಲ್ 14ರಂದು. ಮೂರು ವಾರದ ಅಂತರದಲ್ಲಿ ಎರಡೂ ದೇಶವೆಲ್ಲಾ ಸುತ್ತಿದವು; ಎರಡೂ ಸಾವಿರ ಕೋಟಿ ದಾಟಿದವು ಅಂತ ಪತ್ರಿಕೆಗಳು ಬರೆದವು. ಹಿಂದೂಪುರದ ಕಡೆ ಒಂದು ವಾದ ಹುಟ್ಟಿತು: ತೆಲುಗಿನವರು ದೊಡ್ಡವರೋ, ಕನ್ನಡದವರೋ?

ನಮ್ಮ ಸಮಿತಿ ಈ ವಾದವನ್ನು ಒಂದು ನಿಮಿಷದಲ್ಲಿ ತೀರ್ಮಾನಿಸಿತು. ತೆಲುಗಿನ ದೊಡ್ಡ ನಿರ್ದೇಶಕ ಎಸ್.ಎಸ್. ರಾಜಮೌಳಿ ಹುಟ್ಟಿದ್ದು ಕರ್ನಾಟಕದ ರಾಯಚೂರು ಜಿಲ್ಲೆಯಲ್ಲಿ, ಮಾನ್ವಿ ಸೀಮೆಯ ಒಂದು ಕ್ಯಾಂಪಿನಲ್ಲಿ. ಕನ್ನಡದ ದೊಡ್ಡ ನಿರ್ದೇಶಕ ಪ್ರಶಾಂತ್ ನೀಲ್ ಅವರ ತಂದೆಯ ಊರು ನಮ್ಮ ಮಡಕಶಿರಾ ಸೀಮೆಯ ನೀಲಕಂಠಾಪುರಂ. ಆಂಧ್ರದ ಮಾಜಿ ಸಚಿವ ರಘುವೀರಾ ರೆಡ್ಡಿ ಅವರ ಊರೂ ಅದೇ. ಅಂದರೆ ಆ ಕಡೆಯ ಬೀಜ ಈ ಕಡೆ ಬೆಳೆಯಿತು, ಈ ಕಡೆಯ ಬೀಜ ಆ ಕಡೆ. ನಮ್ಮ ಹಮಾಲಿ ಹೇಳಿದ್ದು: ‘ಲಾರಿ ಖಾಲಿ ವಾಪಸು ಬರ್ಬಾರ್ದು ಸಾಮಿ. ಹೋಗ್ತಾ ಒಂದು ಲೋಡು, ಬರ್ತಾ ಒಂದು ಲೋಡು.’ ಅದೇ ವರ್ಷ ಆಗಸ್ಟಿನಲ್ಲಿ ನೀಲ್ ತಮ್ಮ ತಂದೆಯ ನೆನಪಿಗೆ ನೀಲಕಂಠಾಪುರದ ಕಣ್ಣಿನ ಆಸ್ಪತ್ರೆಗೆ 50 ಲಕ್ಷ ರೂಪಾಯಿ ಕೊಟ್ಟ ಸುದ್ದಿ ಬಂತು. ಆ ದಿನ ಅಂಗಡಿಯಲ್ಲಿ ವಾದವೇ ನಿಂತುಹೋಯಿತು.

ಬಹುಮಾನ: ಇಬ್ಬರಿಗೂ ಒಂದೊಂದು ಮೂಟೆ. ರಾಜಮೌಳಿಗೆ ಮಡಕಶಿರಾ ಕಡ್ಲೆಕಾಯಿ, ನೀಲ್ ಅವರಿಗೆ ರಾಯಚೂರಿನ ಜೋಳ. ಜೋಳ ತರಿಸುವ ಸಾಗಾಣಿಕೆ ಖರ್ಚು ಸಮಿತಿಯದೇ.

ವೇ ಬಿಲ್ ಪ್ರಶಸ್ತಿ – ಕೆಜಿಎಫ್ ಎರಡನೇ ಭಾಗಕ್ಕೆ

ಆ ವರ್ಷ ಏಪ್ರಿಲ್ 4ರಂದು ಆಂಧ್ರದಲ್ಲಿ ಹೊಸ ಜಿಲ್ಲೆಗಳಾದವು. ನಾವು ಅನಂತಪುರ ಜಿಲ್ಲೆಯಲ್ಲಿ ಮಲಗಿ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ ಎದ್ದೆವು. ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಅಂಗಡಿ ಬೋರ್ಡು, ಬಿಲ್ ಪುಸ್ತಕ, ಸೀಲು ಎಲ್ಲಾ ಬದಲಾಯಿಸಬೇಕು. ಅದೇ ತಲೆನೋವಿನಲ್ಲಿದ್ದಾಗ ಹತ್ತನೇ ದಿನಕ್ಕೆ ಕೆಜಿಎಫ್ ಬಂತು. ಹಿಂದೂಪುರದಲ್ಲಿ ತೆಲುಗಿನದು ನೋಡಿದೆವು.

ರಾಕಿ ಭಾಯ್ ಚಿನ್ನವನ್ನು ರಾಶಿ ರಾಶಿ ಸಾಗಿಸುತ್ತಾನೆ. ಜನ ಶಿಳ್ಳೆ ಹಾಕುತ್ತಿದ್ದರೆ ನಾನು ಒಂದೇ ಯೋಚನೆಯಲ್ಲಿದ್ದೆ. ಐವತ್ತು ಸಾವಿರ ದಾಟಿದ ಎಣ್ಣೆ ಡಬ್ಬಗಳನ್ನು ಗಡಿ ದಾಟಿಸಬೇಕಾದರೆ ನನಗೆ ಇ-ವೇ ಬಿಲ್ ಬೇಕು. ಒಂದಂಕಿ ತಪ್ಪಾದರೆ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ. ಈ ಪುಣ್ಯಾತ್ಮನಿಗೆ ತೂಕದ ಚೀಟಿಯೂ ಇಲ್ಲ! ಕೊನೆಗೆ ಚಿನ್ನದ ಸಮೇತ ಸಮುದ್ರಕ್ಕಿಳಿಯುತ್ತಾನೆ. ದಾಸ್ತಾನನ್ನು ಹೀಗೆ ನೀರಿಗೆ ಹಾಕಿದವನಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ತಮಾಷೆ ಬಿಡಿ. ನಿಜವಾದ ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಆ ಊರೂ ನಮ್ಮದರಂತೆ ಕನ್ನಡ, ತೆಲುಗು, ತಮಿಳು ಕೂಡಿದ ಊರು. ಗಣಿಯೊಳಗೆ ಇಳಿದವರು ಮೂರೂ ಭಾಷೆಯವರು. ಕೆಲಸ ಹೋದಾಗ ಮೂರೂ ಭಾಷೆಯ ಮನೆಗಳಲ್ಲಿ ಒಲೆ ಆರಿತು. ಸಿನಿಮಾದಲ್ಲಿ ಗಣಿ ದುಡಿಮೆಗಾರರನ್ನು ದೇವರಂತೆ ಕಾಯಲು ಒಬ್ಬ ಬರುತ್ತಾನೆ. ನಿಜದಲ್ಲಿ ಯಾರೂ ಬರಲಿಲ್ಲ. ಬಹುಮಾನ: ಐದು ಸೇರು ಕಡ್ಲೆಕಾಯಿ, ತೂಕದ ಚೀಟಿಯೊಂದಿಗೆ.

ಮಾತೃಭಾಷೆ ಪ್ರಶಸ್ತಿ – ಆರ್‌ಆರ್‌ಆರ್‌ಗೆ

ಇದು ಕೊಡುವಾಗ ನಮ್ಮಮ್ಮನಿಗೆ ಸ್ವಲ್ಪ ಮುನಿಸಿತ್ತು. ಬಹಳ ವರ್ಷ ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಲು ಕನ್ನಡ ಚಿತ್ರರಂಗ ಬಿಡುತ್ತಿರಲಿಲ್ಲ. ಆ ಕಟ್ಟು ಸಡಿಲವಾಗಿದ್ದು 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ. ಆರ್‌ಆರ್‌ಆರ್ ಕನ್ನಡದಲ್ಲೂ ಬಂತು. ಜೂನಿಯರ್ ಎನ್‌ಟಿಆರ್, ರಾಮ್‌ಚರಣ್ ಇಬ್ಬರೂ ಕನ್ನಡಕ್ಕೆ ತಾವೇ ದನಿ ಕೊಟ್ಟರು. ಎನ್‌ಟಿಆರ್ ಅವರ ತಾಯಿ ಕುಂದಾಪುರದ ಕಡೆಯವರು. ಮಾರ್ಚ್ 19ರಂದು ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಸಮಾರಂಭವೂ ಆಯಿತು. ನಮ್ಮ ಕಡೆಯಿಂದ ಹುಡುಗರು ಬೈಕಿನಲ್ಲಿ ಹೋಗಿ ಬಂದರು. ಆದರೆ ಕರ್ನಾಟಕದಲ್ಲೇ ಕನ್ನಡದ ಪ್ರತಿಗೆ ಟಾಕೀಸು ಕಡಿಮೆ, ತೆಲುಗಿನದೇ ಜಾಸ್ತಿ ಅಂತ ಅಭಿಮಾನಿಗಳು ಗೊಣಗಿದರು.

ಮೊಮ್ಮಗಳು ಕೇಳಿದಳು: ‘ತಾತ, ಕನ್ನಡ ಸಿನ್ಮಾ ನಮಗೆ ತೆಲುಗಲ್ಲಿ ಬರುತ್ತೆ. ಅಲ್ಲಿ ಅವರಿಗೆ ತೆಲುಗು ಸಿನ್ಮಾ ತೆಲುಗಲ್ಲೇ ಬರುತ್ತೆ. ಹಾಗಾದ್ರೆ ಕನ್ನಡದ್ದು ಎಲ್ಲಿ ಬರುತ್ತೆ?’

ನನಗೆ ಉತ್ತರ ಹೊಳೆಯಲಿಲ್ಲ. ‘ನಾಟು ನಾಟು’ ಹಾಡಿಗೆ 2023ರ ಮಾರ್ಚಿನಲ್ಲಿ ಆಸ್ಕರ್ ಬಂದು ಒಂಬತ್ತು ದಿನಕ್ಕೆ ಯುಗಾದಿ. ಸಂಗೀತ ಕೊಟ್ಟ ಕೀರವಾಣಿ, ಹಾಡು ಬರೆದ ಚಂದ್ರಬೋಸ್ ವೇದಿಕೆ ಏರಿದ್ದನ್ನು ಟಿವಿಯಲ್ಲಿ ನೋಡಿ ನಮ್ಮಮ್ಮನ ಮುನಿಸು ಇಳಿಯಿತು. ‘ನಾಟು ಅಂದ್ರೆ ನಾಡು, ಹಳ್ಳಿ ಅಂತಲೇ ಅಲ್ವೇನೋ. ನಾಟಿ ಕೋಳಿ ಅಂತೀವಿ, ನಾಟಿ ಹಸ ಅಂತೀವಿ. ನಮ್ಮ ಮಾತೇ ಬಿಡು.’ ಬಹುಮಾನ: ಒಂದು ಕೇಜಿ ಹೊಸ ಹುಣಸೆಹಣ್ಣು, ಬೀಜ ತೆಗೆದದ್ದು.

ದನಿ ಪ್ರಶಸ್ತಿ – ‘ಜೇಮ್ಸ್’ ಚಿತ್ರಕ್ಕೆ

ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ನಾಯಕನಾಗಿ ಕೊನೆಯದಾಗಿ ನಟಿಸಿದ ‘ಜೇಮ್ಸ್’ 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ ಬಂತು. ಡಬ್ಬಿಂಗ್ ಮುಗಿಸುವ ಮೊದಲೇ ಹೋದದ್ದರಿಂದ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು. ಮುಂದೆ ಏಪ್ರಿಲಿನಲ್ಲಿ ತಂತ್ರಜ್ಞಾನದ ಸಹಾಯದಿಂದ ಪುನೀತ್ ಅವರದೇ ದನಿ ಕೂಡಿಸಿ ಮತ್ತೆ ತಂದರು. ನಾನೂ ನಮ್ಮಮ್ಮನೂ ಮೊದಲನೆಯದನ್ನು ನೋಡಿದೆವು. ಅವಳು ಕಣ್ಣೊರೆಸಿಕೊಂಡು ಹೇಳಿದಳು: ‘ಮಕ ತಮ್ಮಂದು, ದನಿ ಅಣ್ಣಂದು. ಒಂದೇ ಮನೇದು, ಬಿಡು.’ ಅಕ್ಟೋಬರ್ 28ರಂದು ಬಂದ ‘ಗಂಧದ ಗುಡಿ’ಯಲ್ಲಿ ಪುನೀತ್ ವೇಷ ಹಾಕದೆ, ತಾನು ತಾನಾಗಿ ಕಾಡು, ಹೊಳೆ, ಹಳ್ಳಿ ಸುತ್ತುತ್ತಾರೆ. ಅದನ್ನೂ ಇದೇ ಬಹುಮಾನಕ್ಕೆ ಸೇರಿಸಿದೆವು. ಬಹುಮಾನ: ಒಂದು ತೆಂಗಿನಕಾಯಿ, ಒಂದು ಹಿಡಿ ಕರ್ಪೂರ. ಹಮಾಲಿ ಇದಕ್ಕೆ ತೂಕ ಹಾಕಲಿಲ್ಲ.

ಚಿಲ್ಲರೆ ಪ್ರಶಸ್ತಿಗಳು

ಕನ್ನಡಕ ಪ್ರಶಸ್ತಿ ಸುದೀಪ್ ಅವರ ‘ವಿಕ್ರಾಂತ್ ರೋಣ’ಕ್ಕೆ. ಜುಲೈ 28ರಂದು ಬಂದ ಈ ಚಿತ್ರವನ್ನು ತ್ರೀಡಿಯಲ್ಲಿ ನೋಡಲು ಕನ್ನಡಕ ಕೊಡುತ್ತಾರೆ. ನನ್ನ ಕಣ್ಣಿಗೆ ಮೊದಲೇ ಒಂದು ಕನ್ನಡಕ. ಎರಡು ಹಾಕಿಕೊಂಡು ಕೂತೆ. ಪರದೆಯಿಂದ ಬಂದ ವಸ್ತು ತಪ್ಪಿಸಿಕೊಳ್ಳಲು ಹೋಗಿ ಪಕ್ಕದವರ ತೊಡೆಯ ಮೇಲೆ ಬಿದ್ದೆ. ಬಹುಮಾನ: ಮೂಗಿನ ಮೇಲೆ ಹಚ್ಚಲು ಸ್ವಲ್ಪ ಕೊಬ್ಬರಿ ಎಣ್ಣೆ.

ಅಂಚೆ ಪ್ರಶಸ್ತಿ ತೆಲುಗಿನ ‘ಸೀತಾರಾಮಂ’ಗೆ, ಆಗಸ್ಟ್ 5. ಇಪ್ಪತ್ತು ವರ್ಷ ತಲುಪದ ಒಂದು ಪತ್ರವನ್ನು ತಲುಪಿಸುವ ಕಥೆ. ಪತ್ರ ಹೊತ್ತು ತಿರುಗುವ ಪಾತ್ರ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರದು. ನೋಡಿ ಮನೆಗೆ ಬಂದು ನಮ್ಮಪ್ಪನ ಟ್ರಂಕು ತೆಗೆದೆ. ಶಿರಾದ ಬೀಗರು ಬರೆದ ಹಳೇ ಕಾರ್ಡುಗಳು ಒಂದು ಕಟ್ಟು. ಮೊಮ್ಮಗಳು ಒಂದನ್ನು ತಿರುಗಿಸಿ ಮುರುಗಿಸಿ ನೋಡಿ ‘ಇದರಲ್ಲಿ ಏನಿದೆ ತಾತ?’ ಅಂದಳು. ಮಳೆ, ಬೆಳೆ, ಎತ್ತಿನ ದರ, ಅಷ್ಟೇ ಇತ್ತು. ನಮ್ಮ ಮನೆಯ ಕಾಗದ ನಮ್ಮ ಮನೆಯ ಹುಡುಗಿಗೇ ತಲುಪಿಲ್ಲ ಅಂತ ಆ ದಿನ ಗೊತ್ತಾಯಿತು. ಬಹುಮಾನ: ಒಂದು ಅಂಚೆ ಕಾರ್ಡು.

ಗೈರುಹಾಜರಿ ಪ್ರಶಸ್ತಿ ಹಿಂದೂಪುರದ ಶಾಸಕ ಬಾಲಕೃಷ್ಣ ಅವರಿಗೆ. ತಂದೆ ಎನ್.ಟಿ. ರಾಮರಾವ್ ಗೆದ್ದ ಕ್ಷೇತ್ರದಲ್ಲಿ 2014ರಿಂದ ಇವರು ಗೆಲ್ಲುತ್ತಾ ಬಂದಿದ್ದಾರೆ. ‘ಅಖಂಡ’ 2021ರ ಡಿಸೆಂಬರಿಗೆ ಬಂತು, ‘ವೀರಸಿಂಹಾರೆಡ್ಡಿ’ 2023ರ ಜನವರಿ ಸಂಕ್ರಾಂತಿಗೆ. ನಡುವಿನ 2022ರಲ್ಲಿ ಹೊಸ ಚಿತ್ರ ಒಂದೂ ಇಲ್ಲ. ಆ ವರ್ಷ ಹಿಂದೂಪುರದಲ್ಲಿ ಪಟಾಕಿ ವ್ಯಾಪಾರ ಮಂದ. ಬಹುಮಾನ: ಒಂದು ಸರ ಪಟಾಕಿ.

ಗುಂಡಿ ಪ್ರಶಸ್ತಿ ಮಲಯಾಳದ ‘ನ್ನಾ ತಾನ್ ಕೇಸ್ ಕೊಡ್’ಗೆ. ಕಾಸರಗೋಡು ಸೀಮೆಯ ಕಥೆ. ಹಳೇ ಕಳ್ಳನೊಬ್ಬ ಶಾಸಕರ ಮನೆಯ ಗೋಡೆ ಹಾರುತ್ತಾನೆ, ನಾಯಿ ಕಚ್ಚುತ್ತದೆ. ‘ರಸ್ತೆ ಗುಂಡಿಯಿಂದಾಗಿ ಹೀಗಾಯಿತು’ ಎಂದು ಮಂತ್ರಿಯನ್ನೇ ಕೋರ್ಟಿಗೆ ಎಳೆಯುತ್ತಾನೆ. ಇದನ್ನು ಮಗನ ಮೊಬೈಲಿನಲ್ಲಿ ನೋಡಿದೆವು. ನಮ್ಮ ಗಡಿಯಲ್ಲೂ ಒಂದು ಗುಂಡಿ ಇತ್ತು. ಆ ರಾಜ್ಯದವರು ಇದು ನಿಮ್ಮದು ಅಂತಾರೆ, ಈ ರಾಜ್ಯದವರು ಅದು ಅವರದು ಅಂತಾರೆ. ಯಾವ ಕೋರ್ಟಿಗೆ ಹೋಗುವುದು ತಿಳಿಯದೆ ರೈತರೇ ಎರಡು ಟ್ರ್ಯಾಕ್ಟರ್ ಮಣ್ಣು ಹಾಕಿ ಮುಚ್ಚಿದರು. ಬಹುಮಾನ: ಆ ಟ್ರ್ಯಾಕ್ಟರಿನ ಡೀಸೆಲ್ ಬಿಲ್.

ಕಾಲು ಪ್ರಶಸ್ತಿ ಎರಡು: ಶರಣ್ ಅವರ ‘ಗುರುಶಿಷ್ಯರು’ ಚಿತ್ರದ ಖೋಖೋ ಮಕ್ಕಳಿಗೆ, ಮತ್ತು ‘777 ಚಾರ್ಲಿ’ಯ ನಾಯಿಗೆ. ಚಾರ್ಲಿಯ ನಿರ್ದೇಶಕ ಕಿರಣ್‌ರಾಜ್ ಕಾಸರಗೋಡಿನವರು, ನಮ್ಮ ಹಾಗೇ ಗಡಿಯಾಚೆಯ ಕನ್ನಡಿಗ. ಲಾಭಕ್ಕಾಗಿ ನಾಯಿಗಳಿಗೆ ಒಂದೇ ರಕ್ತದಲ್ಲಿ ಮರಿ ಹಾಕಿಸಿದರೆ ಏನಾಗುತ್ತದೆ ಅನ್ನುವುದನ್ನು ಅಳಿಸಿ ಅಳಿಸಿ ಹೇಳಿದ್ದಾರೆ. ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವರೇ ಅತ್ತರು. ಕರ್ನಾಟಕದಲ್ಲಿ ರಾಜ್ಯದ ಪಾಲಿನ ಜಿಎಸ್‌ಟಿಗೆ ಆರು ತಿಂಗಳು ವಿನಾಯಿತಿ ಸಿಕ್ಕಿತು. ಗಡಿಯ ಈಚೆ ನಾವು ಪೂರ್ತಿ ತೆರಿಗೆ ಕೊಟ್ಟು ಅತ್ತೆವು. ಬಹುಮಾನ: ಚಾರ್ಲಿಗೆ ಒಂದು ರಾಗಿಮುದ್ದೆ, ಹಾಲು.

ಪಹಣಿ – ಅಡಂಗಲ್ ಪ್ರಶಸ್ತಿ, ಮತ್ತು ವರ್ಷದ ಚಿತ್ರ

‘ಕಾಂತಾರ’ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಂತು. ಸುಮಾರು 16 ಕೋಟಿಯಲ್ಲಿ ತೆಗೆದ ಚಿತ್ರ, 400 ಕೋಟಿ ತಂದಿತು ಎನ್ನುತ್ತವೆ ವರದಿಗಳು. ರೈತರು ಈ ಚಿತ್ರವನ್ನು ಬೇರೆಯೇ ಕಣ್ಣಿನಲ್ಲಿ ನೋಡಿದರು. ಅರಸು ದೈವದ ಎದುರು ಜನರಿಗೆ ಕೊಟ್ಟ ಭೂಮಿಯನ್ನು ವಾರಸುದಾರ ವಾಪಸು ಕೇಳುತ್ತಾನೆ. ಅಚ್ಯುತ್‌ಕುಮಾರ್ ಮಾಡಿದ ಧಣಿ ನಗುನಗುತ್ತಾ, ಊಟ ಹಾಕುತ್ತಾ, ಕಾಗದದಲ್ಲಿ ಜನರ ನೆಲ ನುಂಗಲು ಹೊರಡುತ್ತಾನೆ. ಕರ್ನಾಟಕದಲ್ಲಿ ಪಹಣಿ ಅನ್ನುವುದಕ್ಕೆ ನಮ್ಮಲ್ಲಿ ಅಡಂಗಲ್. ಆಂಧ್ರದಲ್ಲಿ 2020ರ ಡಿಸೆಂಬರಿನಲ್ಲಿ ಶುರುವಾದ ಭೂಮಿ ಮರುಸರ್ವೆ ಆಗ ನಡೆಯುತ್ತಿತ್ತು. ಯಾರ ಹೆಸರು ಎಲ್ಲಿ ಹೋಯಿತೋ ಅಂತ ಎಲ್ಲರಿಗೂ ಭಯ. ಸಿನಿಮಾ ನೋಡಿ ಬಂದ ರೈತರೊಬ್ಬರು ಅಂಗಡಿಯಲ್ಲಿ ಹೇಳಿದರು: ‘ಅಂಥ ಧಣಿ ನಮ್ ಕಡೇನೂ ಇದಾರೆ ಅಣ್ಣ. ಗುಳಿಗ ಮಾತ್ರ ಬರಲ್ಲ.’ ಅದಕ್ಕೇ ಧಣಿ ಪಾತ್ರಕ್ಕೆ ಪಹಣಿ–ಅಡಂಗಲ್ ಪ್ರಶಸ್ತಿ. ಬಹುಮಾನ: ಒಂದು ಸೇರು ಗುಂಟೂರು ಮೆಣಸಿನಕಾಯಿ, ಖಾರ ನೋಡಿ ಆರಿಸಿದ್ದು.

ದಸರಾ ರಜೆಯಲ್ಲಿ ನಮ್ಮಮ್ಮನನ್ನೂ ಮೊಮ್ಮಗಳನ್ನೂ ಪಾವಗಡದ ಕಡೆ ಕರೆದುಕೊಂಡು ಹೋಗಿ ಕನ್ನಡದ್ದೇ ತೋರಿಸಿದೆ. ಕುಂದಾಪುರ ಕಡೆಯ ಕನ್ನಡ. ಅರ್ಧ ಗಂಟೆಗೆ ನಮ್ಮಮ್ಮ ನನ್ನ ಕೈ ತಿವಿದಳು: ‘ಇದ್ಯಾವ ಕನ್ನಡನೋ, ನಂಗೆ ಒಂದೂ ತಿಳೀವಲ್ದು.’ ನನಗೂ ಅಷ್ಟಕ್ಕಷ್ಟೆ. ಕೊನೆಯ ಹೊತ್ತಿಗೆ ರಿಷಬ್ ಶೆಟ್ಟಿ ಮೈಮೇಲೆ ದೈವ ಬಂದು ಕೂಗಿದಾಗ ಮಾತ್ರ ಅವಳು ಕೂತಲ್ಲೇ ಕೈಮುಗಿದಳು. ಆ ಕೂಗಿಗೆ ಭಾಷೆ ಬೇಕಿರಲಿಲ್ಲ.

ಅಕ್ಟೋಬರ್ 15ರಂದು ತೆಲುಗಿನದು ಬಂತು. ಹಿಂದೂಪುರದಲ್ಲಿ ಮತ್ತೆ ಮೂವರೂ ನೋಡಿದೆವು. ಈ ಸಲ ಎಲ್ಲಾ ಮಾತು ತಿಳಿಯಿತು. ಹೊರಗೆ ಬಂದು ‘ಯಾವುದು ಚೆನ್ನಾಗಿತ್ತಮ್ಮ?’ ಅಂತ ಕೇಳಿದೆ. ‘ಮೊದಲ್ನೇದು.’ ‘ಅದು ನಿಂಗೆ ತಿಳೀಲಿಲ್ಲ ಅಂದಿಯಲ್ಲ?’ ‘ತಿಳೀಲಿಲ್ಲ. ಆದ್ರೆ ಅವ್ರು ಅವ್ರ ಬಾಯಾಗೇ ಮಾತಾಡ್ತಿದ್ರು.’

ಮೊಮ್ಮಗಳು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಆ ರಾತ್ರಿ ತಾನೇ ಸ್ಲೇಟು ತಂದು ಜೇಜಿಯ ಮುಂದೆ ಕೂತಳು. ಜೇಜಿ ನಾಲ್ಕನೇ ಕ್ಲಾಸು ಓದಿದ ಮೇಡಮ್ಮು. ತೆಲುಗು ಬಂದವರಿಗೆ ಕನ್ನಡ ಅಕ್ಷರ ಕಷ್ಟವಲ್ಲ, ಎರಡೂ ಅಕ್ಕ ತಂಗಿ. ತಲಕಟ್ಟು ಮಾತ್ರ ಬೇರೆ. ತೆಲುಗಿನದು ‘ಸರಿ’ ಗುರುತಿನ ಹಾಗೆ ಮೇಲೆ ನಿಲ್ಲುತ್ತದೆ. ಕನ್ನಡದ್ದು ಚಪ್ಪಟೆ ಮಲಗುತ್ತದೆ. ಅವಳು ಬರೆದ ಕನ್ನಡ ಅಕ್ಷರಕ್ಕೆಲ್ಲಾ ತೆಲುಗಿನ ಟೋಪಿ. ಯುಗಾದಿ ದಿನ ಬೇವುಬೆಲ್ಲ ತಿಂದು, ಪುಸ್ತಕದ ಹಿಂದಿನ ಹಾಳೆಯಲ್ಲಿ ಪಟ್ಟಿ ಬರೆದಳು. ‘ವರ್ಷದ ಚಿತ್ರ – ಕಾಂತರ’. ದೀರ್ಘ ಹಾಕುವುದು ಮರೆತಿದ್ದಾಳೆ. ಬಹುಮಾನ: ಒಂದು ಮೂಟೆ ಕಡ್ಲೆಕಾಯಿ.

ಕೊನೆಯ ಲೆಕ್ಕ

ಸರ್ಕಾರದ ಪ್ರಶಸ್ತಿ ನಮಗಿಂತ ನಿಧಾನ. 2022ರ ಚಿತ್ರಗಳಿಗೆ ರಾಷ್ಟ್ರ ಪ್ರಶಸ್ತಿ ಪ್ರಕಟವಾದದ್ದು 2024ರ ಆಗಸ್ಟ್ 16ರಂದು. ರಿಷಬ್ ಶೆಟ್ಟಿ ಶ್ರೇಷ್ಠ ನಟ, ಕೆಜಿಎಫ್ ಎರಡನೇ ಭಾಗ ಶ್ರೇಷ್ಠ ಕನ್ನಡ ಚಿತ್ರ. ನಮ್ಮ ಸಮಿತಿ ಹದಿನೇಳು ತಿಂಗಳ ಮೊದಲೇ ಹೇಳಿತ್ತು ಅಂತ ಹಮಾಲಿ ಅಂಗಡಿಗೆ ಬಂದವರಿಗೆಲ್ಲಾ ಸಾರಿದ. ಸಮಿತಿಯ ಅಧ್ಯಕ್ಷರು ಮಾತ್ರ ಆ ಹೊತ್ತಿಗೆ ಇರಲಿಲ್ಲ. ಅದೇ ವರ್ಷ ಬೇಸಿಗೆಯಲ್ಲಿ ಹೋಗಿಬಿಟ್ಟಳು. ಹಿಂದೂಪುರದ ಆ ಎರಡನೇ ಕಾಂತಾರವೇ ಅವಳು ಟಾಕೀಸಿನಲ್ಲಿ ನೋಡಿದ ಕೊನೆಯ ಸಿನಿಮಾ.

2025ರ ಅಕ್ಟೋಬರ್ 2ರಂದು ‘ಕಾಂತಾರ ಅಧ್ಯಾಯ 1’ ಬಂತು. ನಮ್ಮ ಕಡೆಗೆ ಬಂದದ್ದು ತೆಲುಗಿನದು. ಮಗ ಹಿಂದೂಪುರಕ್ಕೆ ಟಿಕೆಟ್ ತೆಗೆಯಲು ಹೊರಟಾಗ ಹದಿಮೂರರ ಮೊಮ್ಮಗಳು ತಡೆದಳು: ‘ಮೊದಲು ಪಾವಗಡ, ಆಮೇಲೆ ಹಿಂದೂಪುರ.’ ಪಾವಗಡದ ಕಡೆ ಹೋದೆವು. ಪರದೆಯ ಮೇಲೆ ಹೆಸರು ಬಂದಾಗ ಅಕ್ಕಪಕ್ಕದವರು ತಿರುಗಿ ನೋಡುವಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು: ‘ತಾತ, ಅವತ್ತು ನಾನು ದೀರ್ಘ ಬಿಟ್ಟಿದ್ದೆ.’

ನಮ್ಮಪ್ಪನ ಟ್ರಂಕಿನ ಕಾರ್ಡುಗಳನ್ನು ಈಗ ಅವಳು ವಾರಕ್ಕೊಂದು ಓದುತ್ತಾಳೆ. ಕೈಬರಹ ಹಳೇದು, ತಡವರಿಸುತ್ತಾಳೆ. ಎತ್ತಿನ ದರ ಕೇಳಿ ನಗುತ್ತಾಳೆ. ಪುಸ್ತಕದ ಆ ತಪ್ಪನ್ನು ತಿದ್ದಲು ಪೆನ್ನು ಕೇಳಿದಳು. ಲೆಕ್ಕದ ಪುಸ್ತಕದಲ್ಲಿ ಹಳೇದನ್ನು ಹೊಡೆದು ತಿದ್ದುವ ಪದ್ಧತಿ ನಮ್ಮಂಗಡಿಯಲ್ಲಿಲ್ಲ. ಹೊಸ ಹಾಳೆಯಲ್ಲಿ ಸರಿಯಾಗಿ ಬರಿ ಅಂದೆ.

ಇನ್ನು ಬಹುಮಾನಗಳ ವಿಚಾರ. ಈವರೆಗೆ ಯಾರೂ ಬಂದು ಒಯ್ದಿಲ್ಲ. ಕಡ್ಲೆಕಾಯಿ ಎಷ್ಟು ದಿನ ಇಡುವುದು? ಹುಳ ಬೀಳುತ್ತದೆ ಅಂತ ಮೊದಲ ವರ್ಷದ್ದನ್ನು ನಾವೇ ಹುರಿದು ತಿಂದೆವು. ಲೆಕ್ಕದಲ್ಲಿ ಮಾತ್ರ ಬಾಕಿ ಹಾಗೇ ಇದೆ. ರಾಜಮೌಳಿ ಅವರಿಗೆ ದೂರವಾಗಬಹುದು. ನೀಲಕಂಠಾಪುರದವರಂತೂ ಇಲ್ಲೇ ಹತ್ತಿರ. ಊರಿಗೆ ಬಂದಾಗ ಅಂಗಡಿಗೆ ಬಂದರೆ ಜೋಳದ ಮೂಟೆ ತೂಗಿ ಕೊಡುತ್ತೇವೆ, ತೂಕದ ಚೀಟಿಯ ಸಮೇತ. ಚೀಟಿ ಕನ್ನಡದಲ್ಲಿರುತ್ತದೆ. ಬರೆಯುವವರು ಈಗ ಮನೆಯಲ್ಲಿದ್ದಾರೆ.